ಹಂದಿ ಕಣ್ಣು ಹೊಳೆಯಲ್ಲ: ಕಮ್ಮಿ ರೇಟಿನ ನೈಟ್ ವಿಷನ್ ಬಗ್ಗೆ ಒಬ್ಬ ರಿಪೇರಿಯವನ ಮಾತು

ಹೋದ ಮಳೆಗಾಲದಲ್ಲಿ ಬಾಳೆಲೆ ಕಡೆಯ ಬೆಳೆಗಾರರೊಬ್ರು ಅಂಗಡಿಗೆ ಬಂದು ಟವೆಲ್‌ನಲ್ಲಿ ಸುತ್ತಿಟ್ಟಿದ್ದ ಒಂದು ಡಿಜಿಟಲ್ ನೈಟ್ ವಿಷನ್ ಸ್ಕೋಪ್ ತೆಗೆದು ಟೇಬಲ್ ಮೇಲಿಟ್ರು. "ತಗೊಂಡು ಹದಿನೈದು ದಿನ ಆಗಿಲ್ಲ ನೋಡಪ್ಪ, ರಾತ್ರಿ ಹಿಡಿದ್ರೆ ಹಾಲು ಚೆಲ್ಲಿದ ಹಾಗೆ ಬರೀ ಬಿಳಿ, ಏನೂ ಕಾಣಲ್ಲ, ಹಾಳು ಮಾಲು ಕೊಟ್ಟಿದ್ದಾನೆ" ಅಂದ್ರು. ಗೋಣಿಕೊಪ್ಪದಲ್ಲಿ ಕ್ಯಾಮೆರಾ, ಬೈನಾಕ್ಯುಲರ್, ಸಿಸಿಟಿವಿ ರಿಪೇರಿ ಮಾಡ್ಕೊಂಡು ಕೂತಿರೋ ನನಗೆ ಈಗ ಇಂಥ ಸ್ಕೋಪ್‌ಗಳೂ ಬರೋಕೆ ಶುರುವಾಗಿದೆ. ಹಿಂದಿನ ರೂಮಿನ ಬಾಗಿಲು ಹಾಕಿ ಲೈಟ್ ಆರಿಸಿ ನೋಡಿದೆ, ಗೋಡೆ ಮೇಲಿನ ಕ್ಯಾಲೆಂಡರಿನ ತಾರೀಖು ಸಮೇತ ಕಾಣ್ತು. ಮಾಲು ಸರಿಯಾಗೇ ಇತ್ತು. ಎಲ್ಲಿ ನಿಂತು ನೋಡ್ತೀರಾ ಅಂಕಲ್ ಅಂತ ಕೇಳಿದೆ. ಜಗಲಿ ಮೇಲಿಂದ, ಮುಂದೆ ಕಾಫಿ ಗಿಡ, ಅದರಾಚೆ ಗದ್ದೆ ಅಂದ್ರು. ಜುಲೈ ತಿಂಗಳು, ಮಂಜು ಬೇರೆ. ಅಲ್ಲಿಗೆ ಕಾಯಿಲೆ ಗೊತ್ತಾಯ್ತು.

ಈ ಕಮ್ಮಿ ರೇಟಿನ ಸ್ಕೋಪ್ ಒಳಗೆ ಇರೋದು ನಿಮ್ಮ ಸಿಸಿಟಿವಿಲಿ ಇರೋ ಥರದ್ದೇ ಒಂದು ಸೆನ್ಸರ್, ಹಿಂದೆ ಒಂದು ಪುಟ್ಟ ಸ್ಕ್ರೀನು, ಮೇಲೆ ಒಂದು ಇನ್‌ಫ್ರಾರೆಡ್ ಟಾರ್ಚು. ನಮ್ಮ ಕಣ್ಣಿಗೆ ಕಾಣದ ಆ ಬೆಳಕು ಸೆನ್ಸರ್‌ಗೆ ಕಾಣುತ್ತೆ, ಅಷ್ಟೇ ವಿದ್ಯೆ. ಮಿಲಿಟರಿಯವರ ಟ್ಯೂಬ್ ಇರೋ ನೈಟ್ ವಿಷನ್ ನಕ್ಷತ್ರದ ಬೆಳಕನ್ನೇ ಹಿಗ್ಗಿಸಿ ತೋರಿಸುತ್ತೆ, ಇದು ಹಾಗಲ್ಲ, ಇದಕ್ಕೆ ಟಾರ್ಚ್ ಇಲ್ಲದಿದ್ರೆ ಅಮಾವಾಸ್ಯೆ ದಿನ ಕುರುಡು. ಅಂದ್ಮೇಲೆ ನೀವು ದುಡ್ಡು ಕೊಡ್ತಿರೋದು ಅರ್ಧ ಕ್ಯಾಮೆರಾಕ್ಕೆ, ಅರ್ಧ ಟಾರ್ಚಿಗೆ, ಆದ್ರೆ ತಗೊಳ್ಳೋವಾಗ ಟಾರ್ಚಿನ ಬಗ್ಗೆ ಯಾರೂ ಕೇಳಲ್ಲ, ಎಲ್ಲರೂ ಕೇಳೋದು ಎಷ್ಟು ಝೂಮ್ ಅಂತ.

ಮಾಕುಟ್ಟ ಘಾಟಿಲಿ ಮಂಜು ಬಿದ್ದಾಗ ಹೈ ಬೀಮ್ ಹಾಕಿದ್ರೆ ಏನಾಗುತ್ತೆ ಅಂತ ಕೊಡಗಿನ ಡ್ರೈವರ್‌ಗಳಿಗೆ ಹೇಳ್ಕೊಡಬೇಕಾಗಿಲ್ಲ, ಎದುರಿಗೆ ಬಿಳಿ ಗೋಡೆ ಎದ್ದು ನಿಲ್ಲುತ್ತೆ. ಇಲ್ಲೂ ಅದೇ ಕಥೆ. ಟಾರ್ಚು ಲೆನ್ಸಿನ ನೆತ್ತಿ ಮೇಲೇ ಕೂತಿದೆ, ಮಂಜಿನ ಹನಿಗೆ ಹೊಡೆದ ಬೆಳಕು ಸೀದಾ ವಾಪಸ್ ಲೆನ್ಸಿಗೇ ಬರುತ್ತೆ. ಇನ್ನು ಮುಂದೆ ಒಂದು ಕಾಫಿ ಎಲೆ ಅಡ್ಡ ಇತ್ತೋ, ಅದು ಮೀಟರ್ ದೂರದಲ್ಲಿ ಬೆಂಕಿ ಥರ ಹೊಳೆಯುತ್ತೆ, ಸೆನ್ಸರ್ ತಾನಾಗಿ ಬೆಳಕು ಕಮ್ಮಿ ಮಾಡ್ಕೊಳ್ಳುತ್ತೆ, ಆಚೆಗಿರೋ ಗದ್ದೆ ಪೂರ್ತಿ ಕಪ್ಪು. ನಾನು ಅಂಕಲ್‌ಗೆ ಮಾಡ್ಕೊಟ್ಟ ರಿಪೇರಿ ಇಷ್ಟೇ: ಟಾರ್ಚನ್ನ ಸ್ಕೋಪಿಂದ ಬಿಚ್ಚಿ, ಕ್ಲ್ಯಾಂಪ್ ಹಾಕಿ, ಜಗಲಿಯ ಕೊನೆ ಕಂಬಕ್ಕೆ ಕಟ್ಟಿ, ನೀವು ಈ ತುದಿಲಿ ಕೂತು ನೋಡಿ ಅಂದೆ. ಐದಾರು ಅಡಿ ಪಕ್ಕಕ್ಕೆ ಸರಿದ್ರೂ ಸಾಕು, ಅರ್ಧ ಬಿಳಿ ಹೋಗುತ್ತೆ. ದಟ್ಟ ಮಂಜಿಗೆ ಮಾತ್ರ ಯಾವ ಔಷಧಿಯೂ ಇಲ್ಲ, ಅವತ್ತು ಮಲಗಿಬಿಡಿ.

ಈ ಸ್ಕೋಪ್‌ಗಳು ಹುಟ್ಟಿದ್ದೇ ಬೇರೆ ಊರಿನ ಕೆಲಸಕ್ಕೆ. ಅಮೆರಿಕದ ಟೆಕ್ಸಾಸ್ ಥರದ ಕಡೆ ರಾತ್ರಿ ಹೊತ್ತು ಕಯೋಟಿ ಅಂದ್ರೆ ಒಂಥರಾ ತೋಳ, ಆಮೇಲೆ ಕಾಡುಹಂದಿ ಹೊಡೆಯೋಕೆ ಇದನ್ನ ರೈಫಲ್ ಮೇಲೆ ಹಾಕ್ತಾರೆ, ಅಲ್ಲಿ ಅದಕ್ಕೆ ಅವಕಾಶ ಇದೆ. ಸೈಟ್‌ಮಾರ್ಕ್ ರೇತ್, ಎಟಿಎನ್ ಎಕ್ಸ್-ಸೈಟ್ ಅಂತೆಲ್ಲ ಹೆಸರು ನೀವೂ ಕೇಳಿರ್ತೀರಾ. ಬಳಸಿದೋರು ಮೆಚ್ಚೋದು ಹಗಲೂ ರಾತ್ರಿ ಎರಡಕ್ಕೂ ಒಂದೇ ಸ್ಕೋಪ್ ಆಗುತ್ತೆ, ವಿಡಿಯೋ ರೆಕಾರ್ಡ್ ಆಗುತ್ತೆ ಅಂತ. ಬಯ್ಯೋದು, ಈ ಥರದ ಎಲ್ಲ ಸ್ಕೋಪಿಗೂ, ತೂಕ, ಬ್ಯಾಟರಿ, ಜೊತೆಗೆ ಬರೋ ಟಾರ್ಚಿನ ಬಗ್ಗೆ. ಅಲ್ಲಿ ಬಯಲು, ನೂರೈವತ್ತು ಗಜ ಏನೂ ಅಡ್ಡ ಇರಲ್ಲ. ನಮ್ಮ ರೊಬಸ್ಟಾ ತೋಟದಲ್ಲಿ ಇಪ್ಪತ್ತು ಗಜ ತೆರವಾಗಿದ್ರೆ ದೊಡ್ಡದು, ಮೇಲೆ ಸಿಲ್ವರ್ ಓಕ್, ಅದಕ್ಕೆ ಮೆಣಸಿನ ಬಳ್ಳಿ. ಅಲ್ಲಿಯವರು ಚೆನ್ನಾಗಿದೆ ಅಂದಿದ್ದು ಇಲ್ಲಿಗೆ ಹಾಗೇ ಹೊಂದಲ್ಲ.

ಕೋವಿಗೆ ಫಿಟ್ ಮಾಡ್ಕೊಡು ಅಂತ ವಾರಕ್ಕೊಬ್ರಾದ್ರೂ ಕೇಳ್ತಾರೆ. ನಾನು ಮಾಡಲ್ಲ. ಕೊಡವರಿಗೂ ಜಮ್ಮಾ, ಅಂದ್ರೆ ತಲೆತಲಾಂತರದಿಂದ ಬಂದ ಜಮೀನಿನ, ಹಿಡುವಳಿದಾರರಿಗೂ ಕೋವಿ ಲೈಸೆನ್ಸಿಂದ ಇರೋ ವಿನಾಯ್ತಿನ 2019ರಲ್ಲಿ ಕೇಂದ್ರ ಸರ್ಕಾರ 2029ರ ತನಕ ಮುಂದುವರಿಸ್ತು ಸರಿ, ಆದ್ರೆ ಅದು ಕೋವಿ ಇಟ್ಕೊಳ್ಳೋಕೆ, ಬೇಟೆಗಲ್ಲ. ಬೇಟೆ 1972ರ ವನ್ಯಜೀವಿ ಕಾಯ್ದೆ ಪ್ರಕಾರ ನಿಷೇಧ. ಹುಲಿ ಚಿರತೆ ಒತ್ತಟ್ಟಿಗಿರಲಿ, ಗದ್ದೆ ಹಾಳು ಮಾಡೋ ಹಂದಿಗೂ ಅಧಿಕಾರಿಗಳ ಅನುಮತಿ ಇಲ್ಲದೆ ಕೈ ಹಾಕೋ ಹಾಗಿಲ್ಲ. ಇಷ್ಟು ಹೇಳಿದ್ಮೇಲೂ ಕೆಲವರು ಮುಖ ಸಿಂಡರಿಸ್ಕೊಂಡು ಹೋಗ್ತಾರೆ, ಹೋಗ್ಲಿ.

ಹಾಗಂತ ಸ್ಕೋಪ್ ದಂಡ ಅಲ್ಲ. 2023ರ ಫೆಬ್ರವರಿಯಲ್ಲಿ ಕುಟ್ಟದ ಹತ್ರ ಹುಲಿ ಇಬ್ಬರನ್ನ ಕೊಂದಿದ್ದು ನಮ್ಮ ಕಡೆ ಯಾರೂ ಮರೆತಿಲ್ಲ. ರಾತ್ರಿ ಕೊಟ್ಟಿಗೆಲಿ ಹಸು ಬೆದರಿದ್ರೆ, ನಾಯಿ ಸುಮ್ಮನಾದ್ರೆ, ಟಾರ್ಚ್ ಹಿಡ್ಕೊಂಡು ಅಂಗಳಕ್ಕಿಳಿಯೋ ಬದಲು ಕಿಟಕಿ ತೆಗೆದು ಒಳಗಿಂದಲೇ ನೋಡಿ ಆನೆಯೋ ಹಂದಿಯೋ ಹುಲಿಯೋ ಅಂತ ತಿಳ್ಕೊಂಡು ಅರಣ್ಯ ಇಲಾಖೆಯವರಿಗೆ ಫೋನ್ ಮಾಡೋಕೆ ಇದು ಒಳ್ಳೆ ಸಾಮಾನು. ಕಿಟಕಿ ತೆಗೆದು ಅಂದೆ, ಗಾಜಿನ ಹಿಂದಿಂದ ನೋಡಿದ್ರೆ ಟಾರ್ಚಿನ ಬೆಳಕು ಗಾಜಿಗೇ ಹೊಡೆದು ವಾಪಸ್ ಬರುತ್ತೆ.

ಈ ಯಾವ ಪ್ರಾಣಿ ಅಂತ ತಿಳ್ಕೊಳ್ಳೋದ್ರಲ್ಲೇ ಜನ ಎಡವೋದು. ಹುಲಿ, ಚಿರತೆ, ನಾಯಿ, ಹಸು, ಕಡವೆ ಇವಕ್ಕೆಲ್ಲ ಕಣ್ಣಿನ ಹಿಂಭಾಗದಲ್ಲಿ ಕನ್ನಡಿ ಥರ ಒಂದು ಪದರ ಇರುತ್ತೆ, ಸ್ಕೋಪ್‌ನಲ್ಲಿ ಎರಡು ಬಲ್ಬ್ ಹತ್ತಿದ ಹಾಗೆ ಕಾಣುತ್ತೆ. ಹಂದಿಗೆ ಆ ಪದರ ಇಲ್ಲ. ಅದರ ಕಣ್ಣು ಹಾಗೆ ಹೊಳೆಯಲ್ಲ. ಹೊಳೆಯೋ ಕಣ್ಣನ್ನೇ ಹುಡುಕ್ತಾ ಕೂತೋರಿಗೆ ಪಕ್ಕದ ಮನೆ ನಾಯಿ ಚಿರತೆಯಾಗಿ ಕಾಣುತ್ತೆ, ಕಣ್ಣೆದುರಿಗೆ ಹೋದ ಹಂದಿ ಕಾಣಲ್ಲ. ಕಣ್ಣು ಬಿಡಿ, ಬೆನ್ನಿನ ಗೆರೆ ನೋಡಿ, ನಡಿಗೆ ನೋಡಿ, ತಲೆ ಎಲ್ಲಿ ಇಟ್ಕೊಂಡಿದೆ ನೋಡಿ. ಬಾಕ್ಸ್ ಮೇಲೆ 300 ಮೀಟರ್ ಅಂತ ಬರೆದಿದ್ರೆ ಅದು ಅಲ್ಲಿ ಏನೋ ಒಂದು ಇದೆ ಅಂತ ಗೊತ್ತಾಗೋ ದೂರ, ಅದು ಯಾವುದು ಅಂತ ಗುರುತು ಹಿಡಿಯೋಕೆ ಅದರ ಮೂರನೇ ಒಂದು ಭಾಗ ಸಿಕ್ಕಿದ್ರೆ ಪುಣ್ಯ ಅಂತ ನನ್ನ ಲೆಕ್ಕ. ದೂರ ಎರಡು ಪಟ್ಟಾದ್ರೆ ಪ್ರಾಣಿ ಮೇಲೆ ಬೀಳೋ ಬೆಳಕು ನಾಲ್ಕನೇ ಒಂದು ಭಾಗಕ್ಕಿಳಿಯುತ್ತೆ, ಡಿಜಿಟಲ್ ಝೂಮ್ ಒತ್ತಿದ್ರೆ ಆ ಮಬ್ಬೇ ದೊಡ್ಡದಾಗೋದು.

ಟಾರ್ಚಿನಲ್ಲಿ ಎರಡು ಜಾತಿ. ಬೆಳಕಿನ ಅಲೆಯ ಉದ್ದದ ಲೆಕ್ಕದಲ್ಲಿ 850 ನ್ಯಾನೊಮೀಟರ್‌ದು ದೂರ ಹೋಗುತ್ತೆ, ಆದ್ರೆ ಎದುರಿಂದ ನೋಡಿದ್ರೆ ಬೀಡಿ ಕೆಂಡದ ಹಾಗೆ ಸಣ್ಣಗೆ ಕೆಂಪು ಕಾಣುತ್ತೆ. 940ದು ಕಾಣೋದೇ ಇಲ್ಲ ಅನ್ನಬಹುದು, ಅದಕ್ಕೆ ಸೆನ್ಸರ್ ಅಷ್ಟು ಚುರುಕಿಲ್ಲ, ದೂರ ಕಮ್ಮಿ. ಮನೆ ಕಾಯೋಕೆ 850 ತಗೊಳ್ಳಿ. ಬ್ಯಾಟರಿ 18650 ಅನ್ನೋ ಉರುಟು ಲಿಥಿಯಂ ಸೆಲ್ ಆದ್ರೆ ಅದರ ಮೇಲೆ 9900 ಎಂಎಎಚ್ ಅಂತ ಪ್ರಿಂಟ್ ಮಾಡಿರೋದನ್ನ ದಯವಿಟ್ಟು ತಗೋಬೇಡಿ, ಒಳ್ಳೆ ಕಂಪನಿ ಸೆಲ್‌ಗೇ 3500ರ ಆಸುಪಾಸು, ಇವು ಸಾವಿರವೂ ಇಲ್ಲದ್ದನ್ನ ನಾನೇ ಅಳೆದು ನೋಡಿದೀನಿ. ಇನ್ನೊಂದು, ಮಳೆಗಾಲದಲ್ಲಿ ಬೀರು ಒಳಗೆ ಬಟ್ಟೆ ಜೊತೆ ಇಡಬೇಡಿ, ಲೆನ್ಸಿಗೆ ಜೇಡರ ಬಲೆ ಥರ ಫಂಗಸ್ ಹಿಡಿಯುತ್ತೆ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬ, ಒಳಗೆ ಸಿಲಿಕಾ ಜೆಲ್ ಪೊಟ್ಟಣ, ತಿಂಗಳಿಗೊಮ್ಮೆ ಆ ಪೊಟ್ಟಣ ಬದಲಾಯ್ಸಿ.

ಬಾಳೆಲೆ ಅಂಕಲ್ ತಿಂಗಳು ಬಿಟ್ಟು ಫೋನ್ ಮಾಡಿದ್ರು. ಮಳೆ ಬಿಟ್ಟ ಒಂದು ರಾತ್ರಿ ಗದ್ದೆ ಏರಿ ಮೇಲೆ ಎರಡು ಕಣ್ಣು ಹೊಳೀತಂತೆ, ಹುಲಿನೇ ಅಂತ ಮನೆಯವರನ್ನೆಲ್ಲ ಎಬ್ಬಿಸಿ ಬಾಗಿಲು ಹಾಕಿಸಿ ಹತ್ತು ನಿಮಿಷ ರೆಕಾರ್ಡ್ ಮಾಡಿದ್ರಂತೆ, ಕೊನೆಗೆ ಅದು ಅಂಬಾ ಅಂತಂತೆ. ಹಗ್ಗ ಬಿಚ್ಕೊಂಡು ಹೋಗಿದ್ದ ಅವರದ್ದೇ ಹಸು. ಬೆಳಿಗ್ಗೆ ನೋಡಿದ್ರೆ ಪಕ್ಕದ ಗೆಣಸಿನ ಪಾತಿ ಪೂರ್ತಿ ಅಗೆದು ಮಗುಚಿ ಹಾಕಿತ್ತು. ಆ ವಿಡಿಯೋ ನನಗೂ ಕಳಿಸಿದ್ರು, ದೊಡ್ಡ ಸ್ಕ್ರೀನಿಗೆ ಹಾಕಿ ನೋಡಿದೆ: ಹಸು ನಡುವೆ ನಿಂತು ಕಣ್ಣು ಬಿಡ್ತಾ ಇದೆ, ಎಡಗಡೆ ಅಂಚಿನಲ್ಲಿ ಕಪ್ಪಗೆ ಮೂರು ಗುಡ್ಡೆ, ತಲೆ ಎತ್ತದೆ, ಒಂದರ ಹಿಂದೆ ಒಂದು ಪಾತಿ ಕಡೆ ಹೋಗ್ತಾ ಇವೆ.