ಹಾವು ಕಚ್ಚಿದವರನ್ನು ನಡೆಸದೆ ಬೆಟ್ಟ ಇಳಿಸುವುದು

ಕುಮಾರ ಪರ್ವತದ ಅರ್ಧ ದಾರಿಯಲ್ಲಿ ಒಬ್ಬರಿಗೆ ಹಾವು ಕಚ್ಚಿತು, ಏನು ಮಾಡುತ್ತೀರಿ? ಚಾರಣದ ಗೈಡ್‌ಗಳಿಗೆ ಪ್ರಥಮ ಚಿಕಿತ್ಸೆ ಕಲಿಸುವಾಗ ನಾನು ಈ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಉತ್ತರ ಸರಿಯಾಗೇ ಬರುತ್ತದೆ. ಬಿಗಿಯಾಗಿ ಕಟ್ಟಬಾರದು, ಕುಯ್ಯಬಾರದು, ಬಾಯಿಂದ ಹೀರಬಾರದು. ಕಾಲು ಅಲ್ಲಾಡದಂತೆ ನೋಡಿಕೊಂಡು ಬೇಗ ಆಸ್ಪತ್ರೆಗೆ ಸೇರಿಸಬೇಕು.

ಸರಿ, ಮಾಡಿ ತೋರಿಸಿ ಎಂದಾಗ ತೊಡಕು ಶುರುವಾಗುತ್ತದೆ. ಶೂ, ಉಂಗುರ, ಕಾಲ್ಗೆಜ್ಜೆ ಮೊದಲೇ ತೆಗೆಯಬೇಕು. ಊದಿಕೊಂಡ ಮೇಲೆ ಅವು ಬರುವುದಿಲ್ಲ. ಮಲಗುವ ಚಾಪೆ ಮಡಚಿ ಕಾಲಿಗೆ ಆಸರೆ ಕಟ್ಟುವಾಗ ಹೊಸಬರು ಸಾಮಾನ್ಯವಾಗಿ ಜಾಸ್ತಿ ಬಿಗಿಯುತ್ತಾರೆ. ಕಟ್ಟಿದ ಮೇಲೆ ಬೆರಳು ಬೆಚ್ಚಗಿದೆಯಾ, ಮುಟ್ಟಿದ್ದು ಗೊತ್ತಾಗುತ್ತಾ ಎಂದು ನೋಡುವುದನ್ನೂ ಮರೆಯುತ್ತಾರೆ.

ಇನ್ನು ಹೊರುವುದು. ಎರಡು ಗಟ್ಟಿ ಬಿದಿರು, ಒಂದು ಕಂಬಳಿ ಇದ್ದರೆ ಡೋಲಿ ಆಯಿತು ಎಂದುಕೊಳ್ಳುತ್ತೇವೆ, ಅಲ್ವಾ? ಇಳಿಜಾರಿನಲ್ಲಿ ನೂರು ಹೆಜ್ಜೆ ಹಾಕುವಷ್ಟರಲ್ಲಿ ಕೈ ಸೋಲುತ್ತದೆ. ಹೊರುವ ನಾಲ್ವರು ದಣಿಯುವ ಮೊದಲೇ ಬೇರೆ ನಾಲ್ವರು ಕೈ ಕೊಡಬೇಕು. 'ಎತ್ತಿ', 'ಇಳಿಸಿ' ಎಂದು ಹೇಳುವುದು ಒಬ್ಬರೇ ಆಗಿರಬೇಕು. ಎಂಟು ಜನರ ತಂಡವೂ ಸಾಲುವುದಿಲ್ಲ ಎಂಬುದು ಹೊತ್ತು ನೋಡಿದವರಿಗೆ ಮಾತ್ರ ಅರ್ಥವಾಗುತ್ತದೆ. ಆಮೇಲೆ ಅವರು ಕಡಿಮೆ ಜನರನ್ನು ಕಟ್ಟಿಕೊಂಡು ದೂರದ ದಾರಿಗೆ ಹೊರಡುವ ಮುನ್ನ ಎರಡು ಸಲ ಯೋಚಿಸುತ್ತಾರೆ. ನನ್ನ ಮಟ್ಟಿಗೆ ಇದೇ ತರಬೇತಿಯ ದೊಡ್ಡ ಲಾಭ.

ಕಟ್ಟುಹಾವು ಕಚ್ಚಿದರೆ ನೋವು, ಊತ ಅಷ್ಟಾಗಿ ಇರುವುದಿಲ್ಲ. ಕೆಲವು ಗಂಟೆಗಳಲ್ಲಿ ರೆಪ್ಪೆ ಜೋಲಬಹುದು, ಉಸಿರೇ ನಿಲ್ಲಬಹುದು. ನಾಡಿ ಇದ್ದು ಉಸಿರಿಲ್ಲದಿದ್ದರೆ 5–6 ಸೆಕೆಂಡಿಗೊಮ್ಮೆ ಬಾಯಿಂದ ಉಸಿರು ಕೊಡುತ್ತಲೇ ಇರಬೇಕು. ತಲೆ ಸರಿಯಾಗಿ ಹಿಂದಕ್ಕೆ ಬಾಗಿಸದಿದ್ದರೆ ಎದೆ ಏಳುವುದೇ ಇಲ್ಲ. ಇದನ್ನು ಗೊಂಬೆಯ ಮೇಲೆ ಮಾಡಿಯೇ ಕಲಿಯಬೇಕು.

ಹಾವನ್ನು ಹುಡುಕಿಕೊಂಡು ಹೋಗಬೇಡಿ. ನಮ್ಮಲ್ಲಿ ಸಿಗುವ ವಿಷನಿರೋಧಕ ಔಷಧ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೂ ಒಂದೇ. ವೈದ್ಯರು ಲಕ್ಷಣ ನೋಡಿ ಕೊಡುತ್ತಾರೆ. ಕಚ್ಚಿದ ಹೊತ್ತು ಬರೆದಿಟ್ಟುಕೊಳ್ಳಿ, ಸಿಗ್ನಲ್ ಸಿಕ್ಕ ಕೂಡಲೇ 108ಕ್ಕೆ ಕರೆ ಮಾಡಿ.

ಕಾಡಿನ ಪ್ರಥಮ ಚಿಕಿತ್ಸೆಯ ಕೋರ್ಸ್ ಸಾಮಾನ್ಯವಾಗಿ ಎರಡು ದಿನ, ಸುಮಾರು 16 ಗಂಟೆ. ದುಡ್ಡು ಕಟ್ಟುವ ಮೊದಲು ಅದರಲ್ಲಿ ಎಷ್ಟು ಹೊತ್ತು ಹೊರಗೆ, ಕತ್ತಲಲ್ಲಿ, ಕೆಸರಲ್ಲಿ ಅಭ್ಯಾಸ ಇದೆ ಎಂದು ಕೇಳಿ. ಸುಮ್ನೆ ಸ್ಲೈಡ್ ತೋರಿಸಿ ಸರ್ಟಿಫಿಕೇಟ್ ಕೊಡುವ ಕಡೆ ಹೋಗಬೇಡಿ.