ಗಂಜಿ ಹಾಕಿದ ಕೋಟು, ಬರಿ ಮೊಣಕೈ: ನರ್ಸ್ ಸಮವಸ್ತ್ರದ ಟಿಪ್ಪಣಿ

ನರ್ಸಿಂಗ್ ಫೌಂಡೇಶನ್ ಪೇಪರಿನಲ್ಲಿ ಸಮವಸ್ತ್ರದ ಪ್ರಶ್ನೆ ಬಂದರೆ ನಮ್ಮಲ್ಲಿ ಹೆಚ್ಚಿನವರು "ಶಿಸ್ತು, ಗೌರವ, ಗುರುತು" ಅಂತ ಬರೆದು ಮುಂದಿನ ಪ್ರಶ್ನೆಗೆ ಹೋಗುತ್ತೇವೆ. ಅದು ತಪ್ಪಲ್ಲ, ಆದರೆ ಸಾಲದು. ನಾವು ತೊಟ್ಟ ಬಟ್ಟೆಯಿಂದ ರೋಗಿಗೆ ತೊಂದರೆ ಆಗಬಾರದು. ಅದು ಮೊದಲು, ಉಳಿದದ್ದೆಲ್ಲ ಆಮೇಲೆ. ಇದೊಂದನ್ನು ಹಿಡಿದುಕೊಂಡು ಓದಿದರೆ ಟೋಪಿ ಯಾಕೆ ಹೋಯಿತು, ತೋಳು ಯಾಕೆ ಗಿಡ್ಡವಾಯಿತು, ಬಳೆ ಯಾಕೆ ಬೇಡ ಎಲ್ಲವೂ ಅರ್ಥವಾಗುತ್ತದೆ.

ಹಳೆಯ ಕಥೆ ಸ್ವಲ್ಪ ಗೊತ್ತಿರಲಿ. 1860ರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಹೆಸರಿನ ತರಬೇತಿ ಶಾಲೆ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಶುರುವಾಯಿತು. ಉದ್ದ ನಿಲುವಂಗಿ, ಏಪ್ರನ್, ತಲೆಗೆ ಬಿಳಿ ಟೋಪಿ ಇದ್ದ ಆ ಕಾಲದ ಉಡುಪಿನಲ್ಲಿ ಕ್ರೈಸ್ತ ಸನ್ಯಾಸಿನಿಯರ ಬಟ್ಟೆಯ ಛಾಯೆಯೂ ಇತ್ತು, ಮನೆಗೆಲಸದವರ ಬಟ್ಟೆಯ ಛಾಯೆಯೂ ಇತ್ತು. ಆದರೆ ನೈಟಿಂಗೇಲ್ ಬಟ್ಟೆ ಬಗ್ಗೆ ಬರೆದಿದ್ದರಲ್ಲಿ ನನಗೆ ತುಂಬಾ ಹಿಡಿಸಿದ್ದು ಬೇರೆಯದೇ. ರೇಷ್ಮೆ ಬಟ್ಟೆಯ ಸರಸರ, ಬೀಗದ ಕೈ ಗೊಂಚಲಿನ ಝಣಝಣ, ಬೂಟಿನ ಕಿರುಗುಟ್ಟುವಿಕೆ ಇವೆಲ್ಲ ರೋಗಿಗೆ ಕೇಡು ಅಂತ ಅವರು ಹೇಳಿದ್ದಾರೆ. ನೋಡಲು ಹೇಗಿದೆ ಅನ್ನುವುದಕ್ಕಿಂತ ರೋಗಿಗೆ ಹೇಗೆ ಕೇಳಿಸುತ್ತದೆ ಅನ್ನುವುದನ್ನು ಅವರು ಯೋಚಿಸಿದ್ದರು. ನೈಟ್ ಡ್ಯೂಟಿಗೆ ಕಾಲ್ಗೆಜ್ಜೆ ತೆಗೆದಿಟ್ಟು ಬನ್ನಿ ಅಂದರೆ ಮುಖ ಸಪ್ಪೆ ಮಾಡಬೇಡಿ. ಎರಡು ಗಂಟೆ ರಾತ್ರಿಯಲ್ಲಿ, ಆಗಷ್ಟೇ ಕಣ್ಣು ಮುಚ್ಚಿದ ಆಪರೇಷನ್ ರೋಗಿಯ ಪಕ್ಕದಲ್ಲಿ ಗೆಜ್ಜೆ ಸದ್ದು ಎಷ್ಟು ದೊಡ್ಡದು ಅಂತ ಒಮ್ಮೆ ಕಿವಿಗೊಟ್ಟು ಕೇಳಿ.

ಟೋಪಿ ವಿಷಯ ಚಿಕ್ಕದು. ಪಶ್ಚಿಮದ ಆಸ್ಪತ್ರೆಗಳಲ್ಲಿ 1970, 80ರ ದಶಕಗಳಲ್ಲಿ ಅದನ್ನು ಬಿಡುತ್ತಾ ಬಂದರು. ಬಗ್ಗಿದರೆ ಬೀಳುತ್ತದೆ, ಡ್ರಿಪ್ ಟ್ಯೂಬಿಗೆ ಸಿಕ್ಕಿಕೊಳ್ಳುತ್ತದೆ, ದಿನಾ ಒಗೆಯುವುದೂ ಇಲ್ಲ.

ಈಗ ಮುಖ್ಯ ಭಾಗ. 2007ರಲ್ಲಿ ಬ್ರಿಟನ್ನಿನ ಆರೋಗ್ಯ ಇಲಾಖೆ ಒಂದು ಸೂಚನೆ ಹೊರಡಿಸಿತು: ರೋಗಿಯನ್ನು ಮುಟ್ಟುವವರ ಮೊಣಕೈ ಕೆಳಗೆ ಉದ್ದ ತೋಳು, ವಾಚು, ಬಳೆ ಇರಬಾರದು. ಇದರಿಂದ ಅಲ್ಲಿನ ಡಾಕ್ಟರುಗಳ ಉದ್ದ ತೋಳಿನ ಬಿಳಿ ಕೋಟಿಗೂ ಕುತ್ತು ಬಂತು. ಕಾರಣ ಸರಳ. ವಾಚಿನ ಪಟ್ಟಿ, ಬಳೆ ಇದ್ದರೆ ಮಣಿಕಟ್ಟು ಸರಿಯಾಗಿ ತೊಳೆಯಲು ಆಗುವುದಿಲ್ಲ. ನರ್ಸ್ ವಾಚನ್ನು ಎದೆಯ ಮೇಲೆ ತಲೆಕೆಳಗಾಗಿ ಸಿಕ್ಕಿಸುವುದು ಇದಕ್ಕೇ. ಕೈ ಖಾಲಿ ಇರುತ್ತದೆ, ನಾಡಿ ಎಣಿಸುವಾಗ ಮುಳ್ಳೂ ಕಾಣುತ್ತದೆ.

ಉತ್ತರ ಬರೆಯುವಾಗ ಇಲ್ಲಿ ಎಚ್ಚರ. ಸಮವಸ್ತ್ರದ ಮೇಲೆ, ಅದರಲ್ಲೂ ಜೇಬು ಮತ್ತು ತೋಳಿನ ಅಂಚಿನಲ್ಲಿ, ಬ್ಯಾಕ್ಟೀರಿಯಾ ಸಿಗುತ್ತವೆ ಅನ್ನುವುದು ಖಚಿತ. ಆದರೆ ಬಟ್ಟೆಯಿಂದಲೇ ರೋಗಿಗೆ ಸೋಂಕು ಬಂತು ಅನ್ನಲು ಗಟ್ಟಿ ಪುರಾವೆ ಕಡಿಮೆ. ಕೈಯಿಂದ ಹರಡುತ್ತದೆ ಅನ್ನುವುದಕ್ಕೆ ಪುರಾವೆ ಬೇಕಾದಷ್ಟಿದೆ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಕೈ ಶುಚಿಯ ಐದು ಸಂದರ್ಭ ಹೇಳಿತು: ರೋಗಿಯನ್ನು ಮುಟ್ಟುವ ಮೊದಲು, ಶುಚಿಯಾಗಿ ಮಾಡಬೇಕಾದ ಕೆಲಸದ ಮೊದಲು, ರಕ್ತ ಅಥವಾ ದೇಹದ ದ್ರವ ತಗಲಿರಬಹುದು ಅನ್ನುವಾಗ, ರೋಗಿಯನ್ನು ಮುಟ್ಟಿದ ಮೇಲೆ, ಮಂಚ ಮೇಜು ಮುಟ್ಟಿದ ಮೇಲೆ. ಕೋಟಿಗೆ ಇಸ್ತ್ರಿ ಇಲ್ಲ ಅಂತ ಬೈಯುವ ನಾವು, ಕೈ ತೊಳೆಯದೆ ಒಂದು ಮಂಚದಿಂದ ಇನ್ನೊಂದಕ್ಕೆ ಹೋದವರನ್ನು ಕಂಡೂ ಸುಮ್ಮನಿರುತ್ತೇವೆ. ಇದು ಬದಲಾಗಲೇಬೇಕು.

ಬಳೆ ವಿಚಾರಕ್ಕೆ ನಮ್ಮ ಕಡೆ ಮನೆಯಲ್ಲಿ ಮಾತು ಬರುತ್ತದೆ. ಮದುವೆಯಾದವಳು ಬರಿಗೈಲಿ ಇರಬಾರದು ಅಂತ ಅತ್ತೆ ಹೇಳುತ್ತಾರೆ. ಅವರನ್ನು ಹಳೇ ಕಾಲದವರು ಅಂತ ತಳ್ಳಿಹಾಕುವುದು ಬೇಡ. ಡ್ಯೂಟಿ ರೂಮಿನಲ್ಲಿ ತೆಗೆದಿಟ್ಟು, ಮನೆಗೆ ಹೊರಡುವಾಗ ಹಾಕಿಕೊಂಡರೆ ಆಯಿತು. ತಾಳಿ ಕುಪ್ಪಸದ ಒಳಗಿರಲಿ.

ಇನ್ನು ಮಲೆನಾಡಿನ ಮಳೆ. ಆಷಾಢದಲ್ಲಿ ಗಂಜಿ ಹಾಕಿದ ದಪ್ಪ ಹತ್ತಿ ಕೋಟು ಎರಡು ದಿನವಾದರೂ ಒಣಗಲ್ಲ ಅಲ್ವಾ? ತೀರ್ಥಹಳ್ಳಿ, ಹೊಸನಗರ ಕಡೆಯಿಂದ ಬರುವವರು ಬಚ್ಚಲ ಒಲೆ ಮೇಲೆ ಹಗ್ಗ ಕಟ್ಟಿ ಒಣಗಿಸಿ, ಹೊಗೆ ವಾಸನೆಯಲ್ಲೇ ಬರುತ್ತಾರೆ. ಹಸಿ ಬಟ್ಟೆ ಹಾಕಿಕೊಳ್ಳುವುದಕ್ಕಿಂತ ಅದೇ ವಾಸಿ. ಬೇಗ ಒಣಗುವ ಗಿಡ್ಡ ತೋಳಿನ ಸ್ಕ್ರಬ್ಸ್ (ಆಸ್ಪತ್ರೆಯಲ್ಲಿ ಹಾಕುವ ಸಡಿಲ ಅಂಗಿ, ಪ್ಯಾಂಟು) ಈ ಊರಿಗೆ ಸರಿ ಅಂತ ನಾನು ಹೇಳುವುದು ಫ್ಯಾಷನ್ನಿಗಲ್ಲ. ದಿನಾ ಒಗೆದು ದಿನಾ ಹಾಕಬಹುದು. 60 ಡಿಗ್ರಿ ಬಿಸಿ ನೀರಿನಲ್ಲಿ ಹತ್ತು ನಿಮಿಷ ಒಗೆದರೆ ಹೆಚ್ಚಿನ ರೋಗಾಣುಗಳು ಹೋಗುತ್ತವೆ. ಮನೆಯವರ ಬಟ್ಟೆ ಜೊತೆ ಸೇರಿಸಬೇಡಿ.

ಸ್ಕ್ರಬ್ಸ್‌ಗೆ ಒಂದು ಕೊರತೆ ಇದೆ. ನಮ್ಮ ಶಿವಮೊಗ್ಗದ ಮೆಗ್ಗಾನ್‌ನಂಥ ದೊಡ್ಡ ಆಸ್ಪತ್ರೆಗೆ ಹಳ್ಳಿಯಿಂದ ಬಂದ ಅಜ್ಜಿಗೆ ಡಾಕ್ಟರ್ ಯಾರು, ನರ್ಸ್ ಯಾರು, ಲ್ಯಾಬಿನವರು ಯಾರು ಅಂತ ಬಟ್ಟೆ ನೋಡಿ ತಿಳಿಯುವುದಿಲ್ಲ. ಬ್ಯಾಡ್ಜಿನಲ್ಲಿ ಹೆಸರು, ಹುದ್ದೆ ಕನ್ನಡದಲ್ಲಿ ದೊಡ್ಡದಾಗಿ ಇರಲಿ. ಓದಲು ಬಾರದವರಿಗೆ ಬಾಯಲ್ಲೇ ಹೇಳಿ: "ಅಜ್ಜಿ, ನಾನು ನರ್ಸ್, ಇಂಜೆಕ್ಷನ್ ಕೊಡೋಕೆ ಬಂದಿದ್ದೀನಿ."

ಕಡೆಯದಾಗಿ ಫೀಲ್ಡ್ ಡ್ಯೂಟಿ. ಮಂಗನ ಕಾಯಿಲೆಯ ವೈರಸ್ 1957ರಲ್ಲಿ ನಮ್ಮದೇ ಜಿಲ್ಲೆಯ ಕ್ಯಾಸನೂರು ಕಾಡಿನ ಕಡೆ ಪತ್ತೆಯಾಯಿತು. ಅದನ್ನು ಹರಡುವುದು ಉಣುಗು. ಹಾಗಾಗಿ ಬೇಸಿಗೆಯಲ್ಲಿ ಕಾಡಂಚಿನ ಮನೆಗಳಿಗೆ ಜ್ವರದ ಸರ್ವೆಗೆ ಹೋಗುವಾಗ ವಾರ್ಡಿನ ನಿಯಮ ಪೂರ್ತಿ ಉಲ್ಟಾ: ತುಂಬು ತೋಳು, ಕಾಲು ಮುಚ್ಚುವ ಪ್ಯಾಂಟು, ಅದರ ಅಂಚು ಸಾಕ್ಸಿನ ಒಳಗೆ, ಬರಿ ಮೈಗೆ ಉಣುಗು ಕಚ್ಚದಂತೆ ಆರೋಗ್ಯ ಇಲಾಖೆ ಕೊಡುವ ಎಣ್ಣೆ. ವಾಪಸ್ ಬಂದ ಕೂಡಲೇ ಬಟ್ಟೆ ಬಿಸಿ ನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಬೇಕು. ಆದರೆ ಅದೇ ಕಾಯಿಲೆಯ ರೋಗಿ ವಾರ್ಡಿಗೆ ದಾಖಲಾದರೆ ಗಾಬರಿ ಬೇಡ. ಇದು ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ರಕ್ತ ತೆಗೆಯುವಾಗ ಎಲ್ಲ ರೋಗಿಗಳಿಗೆ ಹಾಕುವ ಹಾಗೆ ಗ್ಲೌಸ್ ಹಾಕಿ, ಸೂಜಿ ಚುಚ್ಚಿಕೊಳ್ಳದಂತೆ ನೋಡಿಕೊಳ್ಳಿ, ಗ್ಲೌಸ್ ತೆಗೆದ ಮೇಲೆ ಕೈ ತೊಳೆಯಿರಿ.