ಫತ್ವಾ ‘ಹೊರಡಿಸುವ’ ಮಾತಲ್ಲ

ಹೈಕಮಾಂಡ್ ಫತ್ವಾ, ಆಡಳಿತ ಮಂಡಳಿಯ ಫತ್ವಾ, ಈಗ ಅಪಾರ್ಟ್‌ಮೆಂಟ್ ಸಂಘದ ಫತ್ವಾ. ಮೇಲಿನಿಂದ ಬಂದ ಕಟ್ಟಪ್ಪಣೆಗೆಲ್ಲ ಈ ಹೆಸರು ಅಂಟಿಕೊಂಡಿದೆ. ಮೊನ್ನೆ ಓದಿದ ಸುದ್ದಿಯೊಂದರಲ್ಲಂತೂ ‘ಖಾಜಿ ಫತ್ವಾ ವಿಧಿಸಿದರು’ ಎಂದಿತ್ತು. ಫತ್ವಾ ಎಂದರೆ ಕೇಳಿದ ಪ್ರಶ್ನೆಗೆ ಇಸ್ಲಾಮಿ ಧರ್ಮಶಾಸ್ತ್ರ ಬಲ್ಲ ವಿದ್ವಾಂಸರು ಕೊಡುವ ಅಭಿಪ್ರಾಯ. ಅದನ್ನು ಕೊಡುವವರು ಮುಫ್ತಿ. ಖಾಜಿ ಎಂದರೆ ನ್ಯಾಯಾಧೀಶ, ಅವರು ಕೊಡುವುದು ತೀರ್ಪು. ಅದರ ಹೆಸರು ಕಜಾ.

ಫತ್ವಾ ಬೇಕೆಂದರೆ ಮೊದಲು ಯಾರಾದರೂ ಕೇಳಬೇಕು. ಹಾಗೆ ಕೇಳುವುದಕ್ಕೆ ‘ಇಸ್ತಿಫ್ತಾ’ ಎಂಬ ಬೇರೆ ಪದವೇ ಇದೆ. ಅರಬ್ಬಿಯಲ್ಲಿ ‘ಫತಾ’ ಎಂದರೆ ಕಸುವುಳ್ಳ ಹರೆಯದವನು. ಸಂಶಯದಲ್ಲಿ ಸೊರಗಿದ ಸಂಗತಿಗೆ ಕಸುವು ತುಂಬುವುದೇ ಫತ್ವಾ ಎಂದು ಹಳೆಯ ನಿಘಂಟುಕಾರರು ಎರಡನ್ನೂ ಜೋಡಿಸಿದ್ದುಂಟು. ಉಪವಾಸವಿದ್ದಾಗ ಇನ್ಸುಲಿನ್ ಚುಚ್ಚಿಕೊಳ್ಳಬಹುದೇ? ಇಂಥವು ಮುಫ್ತಿಯ ಮುಂದೆ ಬರುವ ಪ್ರಶ್ನೆಗಳು. ಉರ್ದುವಿನಲ್ಲಿ ಪ್ರಶ್ನೆ ಬರೆಯುವಾಗ ‘ಉಲಮಾ-ಎ-ದೀನ್ (ಧರ್ಮದ ವಿದ್ವಾಂಸರು) ಏನು ಹೇಳುತ್ತಾರೆ’ ಎಂದು ಶುರುಮಾಡುವುದು ವಾಡಿಕೆ. ಮನೆ ಜಗಳವಾದರೆ ನಿಜ ಹೆಸರಿನ ಜಾಗದಲ್ಲಿ ‘ಝೈದ್’, ‘ಹಿಂದಾ’ ಎಂದು ಹಾಕುತ್ತಾರೆ. ಮುಫ್ತಿ ಸಾಕ್ಷಿಗಳನ್ನು ಕರೆಸುವುದಿಲ್ಲ. ಬರೆದುಕೊಟ್ಟಷ್ಟನ್ನೇ ಹಿಡಿದು ಉತ್ತರಿಸಿ, ಕೊನೆಗೆ ‘ವಲ್ಲಾಹು ಆಲಮ್’, ಅಂದರೆ ಅಲ್ಲಾಹನೇ ಚೆನ್ನಾಗಿ ಬಲ್ಲ, ಎಂದು ಬರೆಯುತ್ತಾರೆ. ಹೀಗೆ ಮುಗಿಯುವ ಬರಹವನ್ನು ಕಟ್ಟಪ್ಪಣೆ ಎನ್ನುವುದು ಹೇಗೆ? ಉತ್ತರ ಸಮಾಧಾನ ತರದಿದ್ದರೆ ಇನ್ನೊಬ್ಬ ಮುಫ್ತಿಯನ್ನು ಕೇಳಿದವರೂ ಇದ್ದಾರೆ.

ಕಜಾ ಹಾಗಲ್ಲ. ಇತ್ಯರ್ಥ ಮಾಡು, ತೀರಿಸು ಎಂಬುದು ಅದರ ಧಾತ್ವರ್ಥ. ತಪ್ಪಿಹೋದ ನಮಾಜನ್ನು ಆಮೇಲೆ ತೀರಿಸುತ್ತಾರಲ್ಲ, ಆ ‘ಕಜಾ ನಮಾಜ್’ ಕೂಡ ಇದೇ ಧಾತುವಿನದು. ಖಾಜಿ ಎರಡೂ ಕಡೆಯ ಅಹವಾಲು ಕೇಳಿ, ಸಾಕ್ಷಿ ನೋಡಿ ತೀರ್ಪು ಕೊಡುತ್ತಿದ್ದರು. ಜಾರಿಗೆ ರಾಜ್ಯದ ಬಲವಿತ್ತು. ಭಾರತದಲ್ಲಿ ಈಗ ಅದಿಲ್ಲ. 1880ರ ಖಾಜಿ ಕಾಯ್ದೆಯೇ, ತನ್ನಡಿ ನೇಮಕವಾದ ಖಾಜಿಗೆ ನ್ಯಾಯದಾನದ ಅಧಿಕಾರ ಕೊಟ್ಟಂತಾಗುವುದಿಲ್ಲ ಎನ್ನುತ್ತದೆ. ನಮ್ಮ ಕರಾವಳಿಯಲ್ಲಿ ಖಾಜಿಯ ಹೆಸರು ಪತ್ರಿಕೆಗೆ ಬರುವುದು ಹೆಚ್ಚಾಗಿ ಚಂದ್ರದರ್ಶನದ ಘೋಷಣೆಗೆ. ಫತ್ವಾಕ್ಕೆ ಕಾನೂನಿನ ಬಲವಿಲ್ಲ, ಯಾರ ಮೇಲೂ ಅದನ್ನು ಹೇರುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿದೆ.

ಪೊಲೀಸರು ‘ಮಫ್ತಿಯಲ್ಲಿ’ ಬಂದರು ಎನ್ನುತ್ತೇವಲ್ಲ, ಅದೂ ಮೂಲದಲ್ಲಿ ಇದೇ ಮುಫ್ತಿ. ಬಿಡುವಿನಲ್ಲಿದ್ದ ಬ್ರಿಟಿಷ್ ಅಧಿಕಾರಿಗಳ ನಿಲುವಂಗಿ, ಟೋಪಿ ನಾಟಕದ ಮುಫ್ತಿಯ ವೇಷದಂತಿದ್ದವು, ಅದಕ್ಕೇ ಆ ಹೆಸರು ಎಂಬ ವಿವರಣೆ ಬಳಕೆಯಲ್ಲಿದೆ.

ಸುದ್ದಿ ಬರೆಯುವವರಿಗೆ ಆಜ್ಞೆಯ ಪದವೇ ಬೇಕೆಂದರೆ ‘ಫರ್ಮಾನು’ ಕನ್ನಡದಲ್ಲಿ ಆಗಲೇ ಇದೆ. ‘ತಾಕೀತು’ ಇನ್ನೂ ಹತ್ತಿರದ್ದು. ಫತ್ವಾ ಎಂದೇ ಬರೆಯುವುದಾದರೆ, ಅದನ್ನು ಕೇಳಿದವರು ಯಾರು, ಏನೆಂದು ಕೇಳಿದರು ಎಂಬುದನ್ನೂ ಬರೆಯಿರಿ.